ಕಾಗದ ಸರಿ, ದುಡ್ಡು ಯಾರದು?

ಖಾಸಗಿ ಕಂಪನಿಯೊಂದು ಷೇರು ಕೊಟ್ಟು ಹಣ ಪಡೆದಾಗ ಆ ಹಣ ನಿಜಕ್ಕೂ ಷೇರುದಾರರದ್ದೇ ಎಂದು ಯಾರು ತೋರಿಸಬೇಕು, ಎಷ್ಟರಮಟ್ಟಿಗೆ ತೋರಿಸಬೇಕು? ಈ ಪ್ರಶ್ನೆ ಎದ್ದಾಗಲೆಲ್ಲ ತೆರಿಗೆ ಇಲಾಖೆ ಮುಂದಿಡುವುದು 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಕೊಟ್ಟ ಎನ್‌ಆರ್‌ಎ ಐರನ್ ಅಂಡ್ ಸ್ಟೀಲ್ ತೀರ್ಪನ್ನು. ತೀರ್ಪಿನಲ್ಲಿ ನನಗೆ ತಕರಾರಿಲ್ಲ. ಅದನ್ನು ಅರ್ಧ ಓದಿ ಪೂರ್ತಿ ಬಳಸುವ ರೂಢಿಯ ಬಗ್ಗೆ ಇದೆ. ಆ ರೂಢಿಯ ಬಿಸಿ ಯಲ್ಲಾಪುರ ತಾಲ್ಲೂಕಿನ ಇಡಗುಂದಿಯಂಥ ಅಡಿಕೆ ಊರಿಗೂ ತಟ್ಟಬಲ್ಲದು.

ಮೊದಲು ಕಾನೂನಿನ ಮಾತು. 1961ರ ಆದಾಯ ತೆರಿಗೆ ಕಾಯ್ದೆಯ 68ನೇ ಕಲಮಿನ ಪ್ರಕಾರ, ಲೆಕ್ಕದ ಪುಸ್ತಕದಲ್ಲಿ ಜಮೆಯಾದ ಹಣಕ್ಕೆ ಒಪ್ಪುವಂಥ ವಿವರಣೆ ಸಿಗದಿದ್ದರೆ ಅದು ಆ ವರ್ಷದ ಆದಾಯವೆಂದೇ ಲೆಕ್ಕ. ಮೂರು ಸಂಗತಿ ರುಜುವಾಗಬೇಕು: ಕೊಟ್ಟವರು ಯಾರು, ಅಷ್ಟು ಕೊಡುವ ತಾಕತ್ತು ಅವರಿಗಿತ್ತೇ, ವ್ಯವಹಾರ ಅಸಲಿಯೇ. ನೋಟು ರದ್ದತಿಯ ಬೆನ್ನಿಗೆ, 2016ರಲ್ಲಿ, ಇಂಥ ಹಣದ ಮೇಲಿನ ತೆರಿಗೆ ಶೇ 60ಕ್ಕೆ ಏರಿತು. ಸರ್‌ಚಾರ್ಜ್ ಮತ್ತು ಶೇ 4ರ ಸೆಸ್ ಕೂಡಿದರೆ ಶೇ 78. ವಿವರಣೆ ಕೈಕೊಟ್ಟರೆ ಬಂಡವಾಳದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆರಿಗೆಗೇ ಹೋಗುತ್ತದೆ.

ಒಂದು ಕಾಲದಲ್ಲಿ ಕಂಪನಿಗಳ ಪಾಲಿಗೆ ಇದು ಸಲೀಸಾಗಿತ್ತು. 2008ರ ಲವ್ಲಿ ಎಕ್ಸ್‌ಪೋರ್ಟ್ಸ್ ಪ್ರಕರಣದ ಪುಟ್ಟ ಆದೇಶದಲ್ಲಿ ಸುಪ್ರೀಂ ಕೋರ್ಟ್, ಷೇರುದಾರರ ಹೆಸರು ಇಲಾಖೆಯ ಕೈಯಲ್ಲಿದ್ದರೆ ಅವರ ಮೇಲೆಯೇ ಕ್ರಮಕ್ಕೆ ಹೋಗಬಹುದು, ಕಂಪನಿಯ ತಲೆಗೆ ಕಟ್ಟಬೇಕಿಲ್ಲ ಎಂದಿತು. ನಮ್ಮ ಹೈಕೋರ್ಟ್ ಕೂಡ ಅರುಣಾನಂದ ಟೆಕ್ಸ್‌ಟೈಲ್ಸ್ ಪ್ರಕರಣದಲ್ಲಿ, ಕಂಪನಿ ಹೆಸರು-ವಿಳಾಸ ಕೊಟ್ಟು ಗುರುತಿನ ಬಗ್ಗೆ ತಕರಾರಿಲ್ಲದಿದ್ದರೆ ಮುಂದಿನ ವಿಚಾರಣೆ ಅಧಿಕಾರಿಯ ಕೆಲಸ ಎಂದಿತ್ತು. ನ್ಯಾಯವಾದ ಮಾತೇ. ಆದರೆ ಪ್ಯಾನ್ ಕಾರ್ಡು, ನೋಂದಣಿ ಪತ್ರ, ಬ್ಯಾಂಕ್ ಪಾಸ್‌ಬುಕ್ಕು ಬಿಟ್ಟರೆ ಮತ್ತೇನೂ ಇಲ್ಲದ ಕಂಪನಿಗಳನ್ನು ಹುಟ್ಟಿಸಿ, ಅವುಗಳ ಹೆಸರಲ್ಲಿ ಕಪ್ಪು ಹಣವನ್ನು ಷೇರು ಬಂಡವಾಳವಾಗಿ ಒಳತರುವವರಿಗೆ ಈ ನ್ಯಾಯವೇ ದಾರಿ ಮಾಡಿಕೊಟ್ಟಿತು.

ಎನ್‌ಆರ್‌ಎ ಪ್ರಕರಣ ಅಂಥದ್ದು. 17.60 ಕೋಟಿ ರೂಪಾಯಿ. ಮುಂಬೈ, ಕೋಲ್ಕತ್ತಾ, ಗುವಾಹಟಿಯ ಕಂಪನಿಗಳು 10 ರೂಪಾಯಿ ಮುಖಬೆಲೆಯ ಷೇರಿಗೆ ಭಾರೀ ಪ್ರೀಮಿಯಂ ತೆತ್ತಿದ್ದವು. ಹಣವೆಲ್ಲ ಬ್ಯಾಂಕಿನ ಮೂಲಕವೇ ಬಂದಿತ್ತು. ಮೇಲ್ಮನವಿಯ ಮೂರು ಮೆಟ್ಟಿಲಲ್ಲೂ ಕಂಪನಿ ಗೆದ್ದಿತ್ತು. ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಸೋತದ್ದೇಕೆ ಎಂಬುದೇ ತೀರ್ಪಿನ ಜೀವ. ಕರನಿರ್ಧಾರಣಾಧಿಕಾರಿ ನೋಟಿಸು ಕಳಿಸಿ ಸುಮ್ಮನೆ ಕೂರಲಿಲ್ಲ. ಸ್ಥಳ ತನಿಖೆ ಮಾಡಿಸಿದ್ದರು. ಕೆಲವು ವಿಳಾಸಗಳಲ್ಲಿ ಕಂಪನಿಯೇ ಇರಲಿಲ್ಲ. ಕೆಲವರು ಅಂಚೆಯಲ್ಲಿ ಉತ್ತರ ಬರೆದರೇ ಹೊರತು ಎದುರಿಗೆ ಬರಲಿಲ್ಲ. ದೊಡ್ಡ ಮೊತ್ತ ಹೂಡಿದವರು ರಿಟರ್ನಿನಲ್ಲಿ ತೋರಿಸಿದ್ದ ಆದಾಯ ಚಿಲ್ಲರೆಯದು. ಇಷ್ಟೊಂದು ಬೆಲೆ ಯಾಕೆ ಕೊಟ್ಟಿರಿ ಎಂದರೆ ಯಾರ ಬಳಿಯೂ ಉತ್ತರವಿಲ್ಲ.

ಚೀಲದ ಮೇಲಿನ ಹೆಸರು ನೋಡಿ ಅಡಿಕೆಗೆ ಟೆಂಡರ್ ಬರೆಯುವ ವ್ಯಾಪಾರಿ ನಮ್ಮ ಕಡೆ ಇಲ್ಲ. ಚೀಲಕ್ಕೆ ಕೈ ಹಾಕಿ, ನಾಲ್ಕು ಹೋಳು ನೋಡಿಯೇ ದರ. ಆ ಅಧಿಕಾರಿ ಮಾಡಿದ್ದೂ ಅದನ್ನೇ. ಇಂದಿನ ಎಷ್ಟೋ ಆದೇಶಗಳಲ್ಲಿ ಕಾಣೆಯಾಗಿರುವುದೂ ಅದೇ. ರುಜುವಾತಿನ ಭಾರ ಕಂಪನಿಯ ಮೇಲಿದೆ ಎಂಬ ಭಾಗವನ್ನು ತೀರ್ಪಿನಿಂದ ಎತ್ತಿ ಬರೆಯುತ್ತಾರೆ. ಆ ಮಾತಿಗೆ ಬಲ ಕೊಟ್ಟ ತನಿಖೆಯನ್ನು ಬಿಟ್ಟುಬಿಡುತ್ತಾರೆ. ಕಂಪನಿ ಮೊದಲ ಪುರಾವೆ ಕೊಟ್ಟ ಮೇಲೆ ಅದನ್ನು ಪರೀಕ್ಷಿಸಬೇಕಾದವರು ಅಧಿಕಾರಿ ಎಂಬುದನ್ನು ಎನ್‌ಆರ್‌ಎ ತೀರ್ಪು ಅಳಿಸಿಲ್ಲ.

ಈಗ ಇಡಗುಂದಿಗೆ ಬರೋಣ. ಅಲ್ಲಿನ ತೋಟಿಗರೊಬ್ಬರು ಬೆಂಗಳೂರಿನಲ್ಲಿ ಕಂಪನಿ ತೆರೆದ ಅಣ್ಣನ ಮಗನಿಗೆ ಐದು ಲಕ್ಷ ಕೊಟ್ಟು ಷೇರು ಪಡೆದರು ಎಂದಿಟ್ಟುಕೊಳ್ಳಿ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ. ಬೇರೆ ಗಳಿಕೆ ಇಲ್ಲದವರು ಸಾಮಾನ್ಯವಾಗಿ ರಿಟರ್ನ್ ಸಲ್ಲಿಸುವುದೂ ಇಲ್ಲ. ಹಾಗಾಗಿ ಇಲಾಖೆಯ ಕಂಪ್ಯೂಟರಿನಲ್ಲಿ ಇವರ ತಾಕತ್ತು ಸೊನ್ನೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೋ ಅಣ್ಣತಮ್ಮಂದಿರ ಜಂಟಿ ಹೆಸರೋ ಇರುತ್ತದೆ. ಅಡಿಕೆ ಮಾರುವ ಸಹಕಾರಿ ಸೊಸೈಟಿಯ ಖಾತೆ ಹಿರಿಯಣ್ಣನದು, ಚೆಕ್ಕು ಕಿರಿಯನದು. ಒಂದಷ್ಟು ಅಡಿಕೆ ಮನೆಬಾಗಿಲಲ್ಲೇ ನಗದಿಗೆ ಹೋಗಿರುತ್ತದೆ. ಅದಕ್ಕೆ ಚೀಟಿಯೂ ಇಲ್ಲ.

68ನೇ ಕಲಮಿನ 2012ರ ತಿದ್ದುಪಡಿ ಇಲ್ಲಿ ಕಚ್ಚುತ್ತದೆ. 2013-14ರ ಕರನಿರ್ಧಾರಣಾ ವರ್ಷದಿಂದ, ಖಾಸಗಿ ಕಂಪನಿಗೆ ಹಣ ಕೊಟ್ಟ ನಿವಾಸಿ ತನ್ನ ಹಣದ ಮೂಲವನ್ನೂ ವಿವರಿಸಬೇಕು. ಆ ವಿವರಣೆ ಅಧಿಕಾರಿಗೆ ಒಪ್ಪಿಗೆಯಾಗದಿದ್ದರೆ ತೆರಿಗೆ ಬೀಳುವುದು ಕಂಪನಿಗೆ. ಚಿಕ್ಕಪ್ಪನ ಲೆಕ್ಕ ಅಸ್ತವ್ಯಸ್ತವಾಗಿದ್ದರೆ ದಂಡ ತೆರುವವನು ಅಣ್ಣನ ಮಗ. ಇತ್ತ ಕಾಗದದ ಕಂಪನಿಗಳ ಕಡತವೋ ಅಚ್ಚುಕಟ್ಟು: ಆಡಿಟ್ ಆದ ಲೆಕ್ಕ, ಠರಾವಿನ ಪ್ರತಿ, ತಪ್ಪದೆ ಸಲ್ಲಿಸಿದ ರಿಟರ್ನು. ಕಡತವನ್ನಷ್ಟೇ ನೋಡುವ ಪರೀಕ್ಷೆಯಲ್ಲಿ ಪಾಸಾಗುವುದು ಸುಳ್ಳು, ಸಿಕ್ಕಿಬೀಳುವುದು ನಿಜ. ನನ್ನ ಮುಖ್ಯ ಆಕ್ಷೇಪ ಇದೇ.

2020ರಿಂದ ಬಂದ, ಮುಖಾಮುಖಿಯಿಲ್ಲದ ಫೇಸ್‌ಲೆಸ್ ಕರನಿರ್ಧಾರಣಾ ವ್ಯವಸ್ಥೆ ಲಂಚಕ್ಕೆ ಕಡಿವಾಣವಾಗಿರಬಹುದು, ಆದರೆ ಕಡತಕ್ಕೂ ನಿಜಕ್ಕೂ ನಡುವಿನ ದೂರವನ್ನು ಹೆಚ್ಚಿಸಿದೆ. ಎಲ್ಲೋ ದೂರದ ನಗರದಲ್ಲಿ ಕುಳಿತ ಅಧಿಕಾರಿಗೆ ಕನ್ನಡದ ಪಹಣಿ ಹಾಳೆಯೊಂದು ಲಗತ್ತು ಮಾತ್ರ. ಸ್ಥಳ ಪರಿಶೀಲನೆಗೆ ಪ್ರತ್ಯೇಕ ಘಟಕ ಕಾಯ್ದೆಯಲ್ಲೇ ಇದೆ; ಅನುಮಾನ ಬಂದಲ್ಲಿ ಅದನ್ನು ಬಳಸಲೇಬೇಕು.

ಹಾಗಂತ ತೋಟಿಗರ ಕೈ ಪೂರಾ ಖಾಲಿಯಲ್ಲ. ಸೊಸೈಟಿಯ ಲೆಕ್ಕವಿದೆ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯ ಪ್ರಕರಣ 2010ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಠೇವಣಿಯ ಬಡ್ಡಿಗೆ ಸಹಕಾರ ಸಂಘಗಳಿಗಿರುವ 80ಪಿ ಕಲಮಿನ ವಿನಾಯಿತಿ ಸಿಗುವುದೇ ಎಂಬುದು ಅಲ್ಲಿನ ವ್ಯಾಜ್ಯ, ಸೊಸೈಟಿ ಸೋತಿತು. ಆದರೆ ಆ ತೀರ್ಪು ನಿಂತದ್ದೇ ಒಂದು ಗಮನಿಕೆಯ ಮೇಲೆ: ಸೊಸೈಟಿ ಠೇವಣಿ ಇಟ್ಟದ್ದು ಸದಸ್ಯರಿಗೆ ಕೊಡಬೇಕಾದ ಮಾರಾಟದ ಹಣವನ್ನು, ಅದು ಸೊಸೈಟಿಯ ಲೆಕ್ಕದಲ್ಲಿ ಹೊಣೆಯಾಗಿಯೇ ದಾಖಲಾಗಿದೆ. ಅಂದು ಸೊಸೈಟಿಯ ವಿರುದ್ಧ ಕೆಲಸಕ್ಕೆ ಬಂದ ಆ ಲೆಕ್ಕವನ್ನೇ ಇಂದು ಸದಸ್ಯರ ಪರವಾಗಿ ಏಕೆ ನಂಬಬಾರದು? ವಿಕ್ರಿ ಪಟ್ಟಿ, ಖಾತೆ ಉತಾರ, ಸಾಲ ಕಳೆದು ಜಮೆಯಾದ ಮೊತ್ತ, ಅಲ್ಲಿಂದ ಬ್ಯಾಂಕಿಗೆ ಹೋದ ದಾರಿ, ಎಲ್ಲವೂ ಮೂರನೆಯವರ ಕೈಬರಹದಲ್ಲಿವೆ, ಲೆಕ್ಕಪರಿಶೋಧನೆಗೂ ಒಳಗಾಗಿವೆ. ಬರೇ ಪಹಣಿಗಿಂತ ಇವು ಎಷ್ಟೋ ಗಟ್ಟಿ ಸಾಕ್ಷಿ.

ಬೆಂಗಳೂರಿನದೇ ಆದ ಸುಮತಿ ದಯಾಳ್ ಪ್ರಕರಣದಲ್ಲಿ, 1995ರಲ್ಲಿ, ಸುಪ್ರೀಂ ಕೋರ್ಟ್ ಕುದುರೆ ರೇಸಿನ ಗೆಲುವಿನ ಕತೆಯನ್ನು ಮನುಷ್ಯ ಸಹಜ ಸಂಭವನೀಯತೆಯ ಒರೆಗೆ ಹಚ್ಚಿ ತಿರಸ್ಕರಿಸಿತ್ತು. ಆ ಒರೆಗಲ್ಲು ಎರಡೂ ಕಡೆ ನಡೆಯಬೇಕು. ವಿಳಾಸವಿಲ್ಲದ ಕಂಪನಿ ಕೋಟಿ ಹೂಡುವುದು ಅಸಹಜವಾದರೆ, ವರ್ಷವರ್ಷ ಅಡಿಕೆ ಬೆಳೆಯುವ ಮನೆಯವರು ಅಣ್ಣನ ಮಗನಿಗೆ ಐದು ಲಕ್ಷ ಕೊಡುವುದು ತೀರಾ ಸಹಜ.

ನ್ಯಾಯಬೆಲೆಗಿಂತ ಹೆಚ್ಚಿನ ದರಕ್ಕೆ ಷೇರು ಕೊಟ್ಟರೆ ಬೀಳುತ್ತಿದ್ದ, 2012ರಲ್ಲೇ ಬಂದ ಏಂಜೆಲ್ ತೆರಿಗೆ ಬೆಂಗಳೂರಿನ ನವೋದ್ಯಮಗಳನ್ನು ಕಾಡಿ 2024ರ ಬಜೆಟ್ಟಿನಲ್ಲಿ ತೊಲಗಿತು. ಹಣದ ಮೂಲದ ಪ್ರಶ್ನೆ ಹಾಗೆ ತೊಲಗುವಂಥದ್ದಲ್ಲ, ತೊಲಗಲೂಬಾರದು. ಕಂಪನಿ ಹೂಡಿಕೆಯ ದಿನವೇ ಪುರಾವೆ ಕೂಡಿಟ್ಟುಕೊಳ್ಳಲಿ, ನೋಟಿಸು ಬರುವವರೆಗೆ ಕಾಯುವುದು ಬೇಡ. ಅಧಿಕಾರಿ ಎನ್‌ಆರ್‌ಎ ಹೆಸರು ಬರೆಯುವ ಮುನ್ನ ತಾನು ಏನನ್ನು ವಿಚಾರಿಸಿದೆ, ಯಾವ ಪುರಾವೆ ಯಾಕೆ ಒಪ್ಪಿಗೆಯಾಗಲಿಲ್ಲ ಎಂದು ಆದೇಶದಲ್ಲೇ ಬರೆಯಲಿ. ಆ ನಾಲ್ಕು ಸಾಲಿಲ್ಲದ ಆದೇಶ ಆ ತೀರ್ಪಿನ ಆಸರೆ ಬೇಡುವಂತಿಲ್ಲ. ಮೇಲ್ಮನವಿಯಲ್ಲಿ ಅಂಥ ಆದೇಶವನ್ನು ರದ್ದುಪಡಿಸಲು ಆ ಕೊರತೆಯೊಂದೇ ಸಾಕಾಗಬೇಕು.