ನೀಲಿ ಒಳಗೆ, ಕೈ ಹೊರಗೆ

ಒಂದು ಲಾಂಛನ ಚೆನ್ನಾಗಿದೆಯೇ ಎಂದು ಕೇಳುವ ವಿಮರ್ಶೆ ನಮ್ಮಲ್ಲಿ ಬೇಕಾದಷ್ಟಿದೆ. ಅದನ್ನು ಬರೆಯಲು ಯಾರನ್ನು ಒಳಗೆ ಬಿಟ್ಟರು, ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದರು ಎಂದು ಕೇಳುವುದು ದಲಿತ ವಿಮರ್ಶೆಯ ಕೆಲಸ. ಟೋಕಿಯೋ 2020 ಒಲಿಂಪಿಕ್ಸ್ ಲಾಂಛನದ ಜಗಳವನ್ನು ಹೀಗೆ ನೋಡಬೇಕು.

ಮೊದಲ ಸ್ಪರ್ಧೆಗೆ ಆಯೋಜಕರ ಷರತ್ತು ಏನಿತ್ತು? ಅವರು ಹೆಸರಿಸಿದ ವಿನ್ಯಾಸ ಪ್ರಶಸ್ತಿಗಳಲ್ಲಿ ಕನಿಷ್ಠ ಎರಡನ್ನು ಗೆದ್ದವರಿಗಷ್ಟೇ ಪ್ರವೇಶ. ಬಂದದ್ದು 104 ವಿನ್ಯಾಸ. ಪ್ರಶಸ್ತಿ ಇದ್ದವರಿಗೆ ಅವಕಾಶ, ಅವಕಾಶ ಇದ್ದವರಿಗೆ ಪ್ರಶಸ್ತಿ. ಇದಕ್ಕೆ ಪ್ರತಿಭೆ ಅಂತ ಹೆಸರು. ಮೀಸಲಾತಿ ಅಂದ ಕೂಡಲೇ 'ಮೆರಿಟ್ ಹೋಯ್ತು' ಅಂತ ಬಾಯಿ ಬಡ್ಕೊಳ್ಳೋರ ನಡುವೆ ಬದುಕಿದ ನಮಗೆ ಇದೇನು ಹೊಸದಾ?

ಆ ಮೆರಿಟ್ಟಿನ ಗತಿ ನೋಡಿ. ಕೆಂಜಿರೊ ಸಾನೊ ಅವರ ಲಾಂಛನ ಬೆಲ್ಜಿಯಂನ ಲಿಯೇಜ್ ರಂಗಮಂದಿರದ ಗುರುತನ್ನು ಹೋಲುತ್ತದೆಂಬ ಆರೋಪ ಬಂತು. ಅವರು ಅದನ್ನು ಅಲ್ಲಗಳೆದರೂ 2015ರ ಸೆಪ್ಟೆಂಬರ್ 1ರಂದು ಲಾಂಛನ ವಾಪಸಾಯಿತು. ಎಂಟು ಮಂದಿಯನ್ನು ಮೊದಲೇ ಕರೆದು, ಅವರು ಮೊದಲ ಸುತ್ತು ದಾಟುವಂತೆ ನೋಡಿಕೊಂಡಿದ್ದು ಆಮೇಲಿನ ತನಿಖೆಯಲ್ಲಿ ಹೊರಬಿತ್ತು.

ಎರಡನೇ ಸಲ ಬಾಗಿಲು ತೆರೆದರು. 14,599 ವಿನ್ಯಾಸಗಳು ಬಂದವು. ಈಗ ವೃತ್ತಿಪರರ ಸಿಟ್ಟು. ಗೆದ್ದ ಒಬ್ಬರಿಗೆ ಹತ್ತು ಲಕ್ಷ ಯೆನ್, ಉಳಿದವರದು ಪುಕ್ಕಟೆ ದುಡಿಮೆ ಎಂದು ಅಮೆರಿಕದ ವಿನ್ಯಾಸಕಾರರ ಸಂಘ ಪ್ರತಿಭಟಿಸಿತು. ಕೂಲಿಯ ಮಾತು ನ್ಯಾಯವಾದದ್ದೇ. ಬಿಟ್ಟಿ ಚಾಕರಿ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕೂಲಿ ಕೇಳುವುದೇ ಬೇರೆ, ಕಲಿತವರಿಗಷ್ಟೇ ಈ ಕೆಲಸ ಎಂದು ಬಾಗಿಲು ಕಾಯುವುದೇ ಬೇರೆ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದಾಗ ನಾವು ಎಚ್ಚರವಾಗಿರಬೇಕು.

2016ರ ಏಪ್ರಿಲ್‌ನಲ್ಲಿ ಆಯ್ಕೆಯಾದದ್ದು ಅಸಾವೊ ತೊಕೊಲೊ ಅವರ ನೀಲಿ ಚೌಕುಳಿ. ಎದೊ ಕಾಲದ ವಿನ್ಯಾಸ, ಜಪಾನಿನ ಸಾಂಪ್ರದಾಯಿಕ ನೀಲಿ, ಅದರ ನಾಜೂಕು ಎಂದೆಲ್ಲ ವಿವರಣೆ ಕೊಟ್ಟರು. ಅದೇ ಎದೊ ಕಾಲದಲ್ಲಿ ಕ್ಯೋಟೊ ಸೀಮೆಯಲ್ಲಿ ಬಟ್ಟೆಗೆ ಈ ನೀಲಿ ಹಾಕುತ್ತಿದ್ದ 'ಅವೊಯಾ' ಜನರನ್ನು ಹೊಲೆ ಎಂದು ದೂರವಿಟ್ಟಿದ್ದರು. ಮರಣದಂಡನೆಯ ಜಾಗದ ಚಾಕರಿಗೆ ಹಚ್ಚಿದ್ದರು. ಅಂಥ ಹೀನಸ್ಥಾನಗಳನ್ನು ಕಾನೂನು ತೆಗೆದುಹಾಕಿದ್ದು 1871ರಲ್ಲಿ. ಬಣ್ಣ ಪರಂಪರೆಯಾಯಿತು, ಬಣ್ಣದಲ್ಲಿ ಅದ್ದಿದ ಕೈ ಮೈಲಿಗೆಯಾಯಿತು. ನೀಲಿ ನಮಗೂ ಬರೀ ಬಣ್ಣವಲ್ಲ. ಅದಕ್ಕೇ ಈ ಮರೆವು ಚುಚ್ಚುತ್ತದೆ.

ಜಪಾನಿನ ಬಹಿಷ್ಕೃತರಾದ ಬುರಾಕು ಜನ 1922ರಲ್ಲಿ ಅದೇ ಕ್ಯೋಟೊದಲ್ಲಿ ಸೇರಿ ಸುಯಿಹೇಶಾ ಎಂಬ ಸಂಘಟನೆ ಕಟ್ಟಿದರು. ಕಪ್ಪು ಬಟ್ಟೆಯ ಮೇಲೆ ರಕ್ತಗೆಂಪಿನ ಮುಳ್ಳಿನ ಕಿರೀಟ, ಇದು ಅವರ ಬಾವುಟ. ಬರೆದವರು ಅವರದೇ ಕೇರಿಯ ಸೈಕೊ ಮಂಕಿಚಿ. ಎರಡು ಪ್ರಶಸ್ತಿ ತಗೊಂಡು ಬಾ ಅಂತ ಅವರನ್ನು ಯಾರು ಕೇಳಿದ್ದರು?