ಅತಿಸಂಗ್ರಹವೂ ಗೊಬ್ಬರದ ಚೀಲವೂ

ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ವಸ್ತುಗಳ ಲೆಕ್ಕದಲ್ಲಿ ಹೇಳುತ್ತದೆ: ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯಗಳು ಮಿತಿ ಮೀರಿದರೆ ದೋಷ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವಾದರೋ ಮನಸ್ಸಿನ ಲೆಕ್ಕ ಕೇಳುತ್ತದೆ. ಅಲ್ಲಿನ ಐದರಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭ ಎಂಬ ಮೂರು ನೇರವಾಗಿ ಅಂಗಡಿಗೆ ಸೇರಿದವು. ಪ್ರಭಾಚಂದ್ರರ ಟೀಕೆಯಂತೆ, ಮುಂದೆ ಲಾಭ ಬಂದೀತೆಂದು ಕೂಡಿಡುವುದು, ಮಾರಿದ ಮೇಲೆ ಬೆಲೆ ಏರಿತೆಂದು ಕೊರಗುವುದು, ತಕ್ಕ ಲಾಭ ದೊರೆತರೂ ಇನ್ನಷ್ಟು ಬಯಸುವುದು.

2025ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಯೂರಿಯಾ ಕೊರತೆಯಾಯಿತು. 45 ಕಿಲೋ ಚೀಲದ ನಿಗದಿತ ಬೆಲೆ ಆಗ 266 ರೂಪಾಯಿ 50 ಪೈಸೆ. ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ರಾಗಿಯ ಪೈರಿಗೆ ಮೇಲುಗೊಬ್ಬರದ ಹದ ತಪ್ಪಿದರೆ ಮತ್ತೆ ಬಾರದು, ರೈತನು ಕಾಯಲಾರ. ಇದನ್ನರಿತು ಹೆಚ್ಚು ಕೇಳಿದರೆ, ಬೇಡದ ಸರಕನ್ನೂ ಜೊತೆಗೆ ಕೊಳ್ಳೆಂದರೆ, ಅದು ಬೆಲೆಯಲ್ಲ, ಕಷ್ಟದ ಮೇಲಿನ ಬಡ್ಡಿ. ಸಾಗಣೆ, ಹಮಾಲಿಗಳ ಹೊರೆ ನಿಜವೇ ಇದ್ದೀತು. ಅದನ್ನು ಕಂಪನಿಯ, ಸರ್ಕಾರದ ಮುಂದಿಡಬೇಕು. ಬಿಲ್ಲಿನಲ್ಲಿ ಬರೆಯಲಾಗದ ಹಣವನ್ನು ಲಾಭವೆನ್ನಲಾಗದು.

ಶ್ರಾವಕಾಚಾರದಲ್ಲಿ ಒಂದು ಕೊರತೆಯೂ ಇದೆ. ಆ ಮೂರು ಮಾತುಗಳೂ ಮಾರುವವನ ಅಂತರಂಗವನ್ನು ನೋಡುತ್ತವೆ. ಕೊಳ್ಳುವವನ ಹೊಲ ಅಲ್ಲಿ ಕಾಣದು. ಅವನ್ನು ಅಹಿಂಸಾಣುವ್ರತದೊಡನೆ ಕೂಡಿಸಿ ಓದಿದಾಗಲೇ ಅರ್ಥ ಪೂರ್ಣವಾಗುತ್ತದೆ.

ದಾಸ್ತಾನು ಮತ್ತು ಬೆಲೆಯ ಫಲಕ ಹಾಕಬೇಕೆಂದು 1985ರ ರಸಗೊಬ್ಬರ ನಿಯಂತ್ರಣ ಆದೇಶ ವಿಧಿಸಿದೆ. ತುಮಕೂರಿನ ವರ್ತಕನಿಗೆ ಆ ಫಲಕವೇ ನಿತ್ಯದ ಪ್ರತಿಕ್ರಮಣ. ಗೋದಾಮು ತುಂಬಿರುವಾಗ ಅದರ ಮೇಲೆ 'ಇಲ್ಲ' ಎಂದು ಬರೆದ ಕ್ಷಣದಲ್ಲೇ ವ್ರತ ಕೆಟ್ಟಿತು. ಬೆಲೆ ಏರಿಸುವುದು ಅದರ ನಂತರದ ಮಾತು.