ಎಕ್ಸ್‌ವಿ6: ಸಣ್ಣ ಫಂಕ್ಷನ್‌ಗಳ ದೊಡ್ಡ ಪಾಠ, ಒಂದು ದೊಡ್ಡ ಕೊರತೆ

ವಿಟಿಯು ಪಠ್ಯಕ್ರಮದ ಆಪರೇಟಿಂಗ್ ಸಿಸ್ಟಂ ಲ್ಯಾಬ್ ಅಂದರೆ ಬಹುಪಾಲು ಅಣಕು ಪ್ರಯೋಗ. ರೌಂಡ್ ರಾಬಿನ್, ಬ್ಯಾಂಕರ್ಸ್ ಅಲ್ಗಾರಿದಮ್, ಪೇಜ್ ರಿಪ್ಲೇಸ್‌ಮೆಂಟ್ ಎಲ್ಲವನ್ನೂ ಸಾಮಾನ್ಯ ಸಿ ಪ್ರೋಗ್ರಾಮಿನಲ್ಲಿ ಬರೆದು, ಔಟ್‌ಪುಟ್ಟನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿದರೆ ಕೆಲಸ ಮುಗಿಯಿತು. ದೇವದುರ್ಗದಿಂದಲೋ ಮಾನ್ವಿಯಿಂದಲೋ ಬಸ್ಸು ಹತ್ತಿ ರಾಯಚೂರಿಗೆ ಇಂಜಿನಿಯರಿಂಗ್ ಓದಲು ಬಂದ ಹುಡುಗಿ ಇಡೀ ಸೆಮಿಸ್ಟರ್ ಮುಗಿಸಿದರೂ, ಕೀಬೋರ್ಡಿನ ಗುಂಡಿ ಒತ್ತಿದ ಸುದ್ದಿ ಪ್ರೊಸೆಸರಿಗೆ ಹೇಗೆ ಮುಟ್ಟುತ್ತದೆ ಎಂಬುದನ್ನು ಕಣ್ಣಾರೆ ನೋಡಿರುವುದಿಲ್ಲ. ಈ ಕೊರತೆ ನೀಗಿಸಲು ನನಗೆ ಗೊತ್ತಿರುವ ಅತ್ಯುತ್ತಮ ಪಠ್ಯ ಎಕ್ಸ್‌ವಿ6. ಆದರೆ ಅದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವ ಹಾಗಿಲ್ಲ.

ಎಂಐಟಿಯ ರಸ್ ಕಾಕ್ಸ್, ಫ್ರಾನ್ಸ್ ಕಾಶೋಕ್, ರಾಬರ್ಟ್ ಮಾರಿಸ್ 2006ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಂ ಇದು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಯೂನಿಕ್ಸ್ ಆರನೇ ಆವೃತ್ತಿಯನ್ನು (1975) ಮಾದರಿಯಾಗಿಟ್ಟುಕೊಂಡು ಇಂಟೆಲ್‌ನ ಎಕ್ಸ್86 ಪ್ರೊಸೆಸರಿಗೆ ಹೊಸದಾಗಿ ಬರೆದದ್ದು. ಕೋಡ್ ಹತ್ತು ಸಾವಿರ ಸಾಲಿಗಿಂತ ಕಡಿಮೆ. ಪ್ರಿಂಟ್ ಹಾಕಿಸಿ, ಜೆರಾಕ್ಸ್ ಮಾಡಿಸಿ, ಪೆನ್ಸಿಲ್ ಹಿಡಿದು ಓದಬಹುದಾದ ಕರ್ನಲ್. ಇದಕ್ಕೆ ದುಬಾರಿ ಯಂತ್ರವೂ ಬೇಡ. ಕ್ಯೂಎಮು ಎಮ್ಯುಲೇಟರ್ ಇದ್ದರೆ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಮೊದಲು ಓದಬೇಕಾದದ್ದು ಇದರ ಶೆಡ್ಯೂಲರನ್ನಲ್ಲ, ಎಕ್ಸ್86 ಹೆಡರ್ ಫೈಲನ್ನು. ಸಿ ಭಾಷೆಯಲ್ಲಿ ಪೋರ್ಟಿನಿಂದ ಓದುವ ಆಜ್ಞೆಯೇ ಇಲ್ಲ. ಅದಕ್ಕೆ ಪ್ರೊಸೆಸರಿನ ‘ಇನ್’, ‘ಔಟ್’ ಆಜ್ಞೆಗಳನ್ನು ಅಸೆಂಬ್ಲಿಯಲ್ಲೇ ಬರೆಯಬೇಕು. ಈ ಫೈಲು ಅಂಥ ಒಂದೊಂದು ಆಜ್ಞೆಗೂ ಒಂದೊಂದು ಪುಟ್ಟ ಫಂಕ್ಷನ್ ಕಟ್ಟಿಕೊಡುತ್ತದೆ: ಒಂದು ಬೈಟ್ ಓದಲು ಇನ್‌ಬಿ, ಬರೆಯಲು ಔಟ್‌ಬಿ, ಇಂಟರಪ್ಟ್ ಮುಚ್ಚಲು ಸಿಎಲ್‌ಐ, ತೆರೆಯಲು ಎಸ್‌ಟಿಐ. ಎರಡು ಮೂರು ಸಾಲಿಗಿಂತ ಹೆಚ್ಚಿಲ್ಲ. ಅವುಗಳ ಮೇಲೆ ನಿಂತ ಕೀಬೋರ್ಡ್ ಕೋಡ್ ಮೊದಲು ಹೆಕ್ಸಾ 64ರ ಪೋರ್ಟಿನಲ್ಲಿ ಸ್ಥಿತಿ ನೋಡುತ್ತದೆ. ಅಕ್ಷರ ಬಂದಿದ್ದರೆ ಮಾತ್ರ 60ರ ಪೋರ್ಟಿನಿಂದ ಅದನ್ನು ಎತ್ತಿಕೊಳ್ಳುತ್ತದೆ. ತುಂಗಭದ್ರಾ ಎಡದಂಡೆಯ ಕೊನೆ ಭಾಗದಲ್ಲಿರುವ ಮಾನ್ವಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ಗೇಜ್ ನೋಡದೆ ಗೇಟು ಎತ್ತಿದರೆ ಏನಾಗುತ್ತದೆಂದು ಅವನಿಗೆ ಗೊತ್ತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಪುಶ್‌ಸಿಎಲ್‌ಐ ಮತ್ತು ಪಾಪ್‌ಸಿಎಲ್‌ಐ ಎಂಬ ಜೋಡಿ. ಲಾಕ್ ಹಿಡಿಯುವ ಮುಂಚೆ ಕರ್ನಲ್ ಇಂಟರಪ್ಟ್ ಮುಚ್ಚುತ್ತದೆ. ಬರೀ ಸಿಎಲ್‌ಐ, ಎಸ್‌ಟಿಐ ಸಾಲದೇ? ಸಾಲದು. ಎರಡು ಲಾಕ್ ಹಿಡಿದು ಒಂದನ್ನು ಬಿಟ್ಟ ಕೂಡಲೇ ಇಂಟರಪ್ಟ್ ತೆರೆದುಬಿಟ್ಟರೆ, ಆಗ ಬಂದ ಇಂಟರಪ್ಟು ಉಳಿದ ಲಾಕನ್ನೇ ಕೇಳಬಹುದು. ಲಾಕ್ ಹಿಡಿದವನೂ ಅದೇ ಪ್ರೊಸೆಸರ್, ಕಾಯುವವನೂ ಅದೇ ಪ್ರೊಸೆಸರ್. ಯಂತ್ರ ಅಲ್ಲೇ ನಿಂತಿತು. ಆದ್ದರಿಂದ ಪುಶ್‌ಸಿಎಲ್‌ಐ ಎಷ್ಟು ಸಲ ಮುಚ್ಚಿದೆ ಎಂದು ಎಣಿಸುತ್ತದೆ, ಮೊದಲ ಸಲ ಮುಚ್ಚುವಾಗ ಇಂಟರಪ್ಟ್ ತೆರೆದಿತ್ತೋ ಇಲ್ಲವೋ ನೆನಪಿಟ್ಟುಕೊಳ್ಳುತ್ತದೆ. ಎಣಿಕೆ ಸೊನ್ನೆಗೆ ಇಳಿದಾಗ ಮಾತ್ರ, ಮೊದಲು ತೆರೆದಿದ್ದರೆ ಮಾತ್ರ, ಪಾಪ್‌ಸಿಎಲ್‌ಐ ಮತ್ತೆ ತೆರೆಯುತ್ತದೆ. ಒಂದು ತರಗತಿಯ ಪಾಠ ಹತ್ತೇ ಸಾಲಿನಲ್ಲಿದೆ.

ಎಕ್ಸೆಪ್ಷನ್ ಒಳಬರುವ ಬಾಗಿಲನ್ನೂ ಅಷ್ಟೇ ಅಚ್ಚುಕಟ್ಟಾಗಿ ಕಟ್ಟಿದ್ದಾರೆ. ಒಟ್ಟು 256 ಪ್ರವೇಶದ್ವಾರಗಳು, ಎಲ್ಲವನ್ನೂ ಒಂದು ಪರ್ಲ್ ಸ್ಕ್ರಿಪ್ಟ್ ಹುಟ್ಟಿಸುತ್ತದೆ. ಪೇಜ್ ಫಾಲ್ಟ್ ಆದಾಗ ಪ್ರೊಸೆಸರ್ ತಾನೇ ಸ್ಟ್ಯಾಕಿನ ಮೇಲೆ ಎರರ್ ಕೋಡ್ ಇಡುತ್ತದೆ. ಸೊನ್ನೆಯಿಂದ ಭಾಗಿಸಿದಾಗ ಇಡುವುದಿಲ್ಲ. ಇಡದ ಕಡೆ ಸ್ಕ್ರಿಪ್ಟು ಒಂದು ಸೊನ್ನೆ ತುರುಕುತ್ತದೆ. ಹೀಗೆ ಎಲ್ಲ ಎಕ್ಸೆಪ್ಷನ್ನುಗಳೂ ಒಂದೇ ಆಕಾರದಲ್ಲಿ ‘ಟ್ರ್ಯಾಪ್’ ಫಂಕ್ಷನ್ನಿಗೆ ಬಂದು ತಲುಪುತ್ತವೆ.

ಬಂದ ಮೇಲೆ? ಇಲ್ಲಿಂದ ಮುಂದೆ ನನ್ನ ತಕರಾರು. ಸಿಸ್ಟಂ ಕಾಲ್, ಟೈಮರ್, ಡಿಸ್ಕ್, ಕೀಬೋರ್ಡು, ಸೀರಿಯಲ್ ಪೋರ್ಟ್ ಬಿಟ್ಟರೆ ಉಳಿದದ್ದಕ್ಕೆ ಇರುವುದು ಎರಡೇ ಉತ್ತರ. ತಪ್ಪು ಬಳಕೆದಾರನ ಪ್ರೋಗ್ರಾಮಿನದಾದರೆ ಆ ಪ್ರೊಸೆಸ್ಸನ್ನು ಕೊಲ್ಲು; ಕರ್ನಲ್ಲಿನದಾದರೆ ಪ್ಯಾನಿಕ್ ಆಗಿ ನಿಲ್ಲು. ಪಾಠಕ್ಕೆಂದೇ ಬರೆದದ್ದು, ಸರಳವಾಗಿರಲಿ ಎಂದು ಬಿಟ್ಟಿದ್ದಾರೆ ಎಂಬ ಸಮರ್ಥನೆ ಉಂಟು. ಅದು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಏಕೆಂದರೆ ಇದಕ್ಕೆ ಮಾದರಿಯಾದ 1975ರ ಯೂನಿಕ್ಸಿನಲ್ಲಿ ಸಿಗ್ನಲ್ ಇತ್ತು. ಪ್ರೋಗ್ರಾಮು ತನ್ನ ತಪ್ಪನ್ನು ತಾನೇ ಹಿಡಿಯಬಹುದಿತ್ತು. ಬಳಕೆದಾರನ ಮೆಮೊರಿಯಿಂದ ಓದುವ ಅದರ ಸಹಾಯಕ ಫಂಕ್ಷನ್ನುಗಳು ‘ನೋಫಾಲ್ಟ್’ ಎಂಬ ಒಂದು ಜಾಗದಲ್ಲಿ, ತಪ್ಪಾದರೆ ಎಲ್ಲಿಗೆ ಹಾರಬೇಕು ಎಂಬ ವಿಳಾಸವನ್ನು ಮೊದಲೇ ಇಟ್ಟುಕೊಳ್ಳುತ್ತಿದ್ದವು. ಫಾಲ್ಟ್ ಆದರೆ ಕರ್ನಲ್ ಬೀಳುತ್ತಿರಲಿಲ್ಲ, ಕರೆದವರಿಗೆ ಮೈನಸ್ ಒಂದು ಸಿಗುತ್ತಿತ್ತು. ಲಿನಕ್ಸ್ ಇಂದಿಗೂ ಎಕ್ಸೆಪ್ಷನ್ ಟೇಬಲ್ ಇಟ್ಟುಕೊಂಡು ಮಾಡುವುದು ಇದೇ ಕೆಲಸವನ್ನು. ಕೆಲವೇ ಸಾಲುಗಳ ಈ ಉಪಾಯವನ್ನು ಎಕ್ಸ್‌ವಿ6 ಕೈಬಿಟ್ಟು, ಪಾಯಿಂಟರ್ ಪ್ರೊಸೆಸ್ಸಿನ ಗಾತ್ರದೊಳಗಿದೆಯೇ ಎಂದು ನೋಡಿ ಸುಮ್ಮನಾಗುತ್ತದೆ.

ಡಿಸ್ಕ್ ಡ್ರೈವರಿನಲ್ಲಿ ಇನ್ನೂ ಕೆಟ್ಟದ್ದಿದೆ. ಐಡಿಇ‌ವೇಟ್ ಎಂಬ ಫಂಕ್ಷನ್ ಹೆಕ್ಸಾ 1ಎಫ್7ರ ಪೋರ್ಟನ್ನು ಓದುತ್ತ, ಡಿಸ್ಕ್ ಸಿದ್ಧ ಎನ್ನುವವರೆಗೂ ಸುತ್ತುತ್ತಲೇ ಇರುತ್ತದೆ. ಇಷ್ಟು ಹೊತ್ತು ಸಾಕು ಎಂಬ ಮಿತಿಯೇ ಇಲ್ಲ. ಸೀರಿಯಲ್ ಪೋರ್ಟಿಗೆ ಬರೆಯುವಾಗ 128 ಸಲದ ಮಿತಿ ಇದೆ. ಆದರೆ ನಡುವೆ ತಡೆಯಲು ಕರೆಯುವ ಮೈಕ್ರೋಡಿಲೇ ಫಂಕ್ಷನ್ನಿನ ಒಳಗೆ ಏನೂ ಇಲ್ಲ, ಖಾಲಿ ಆವರಣ. ಎಲ್ಲಕ್ಕಿಂತ ಗಂಭೀರವಾದದ್ದು ಡಿಸ್ಕ್ ಇಂಟರಪ್ಟ್ ಬಂದಾಗಿನ ನಡೆ. ಡಿಸ್ಕು ದೋಷ ತೋರಿಸಿದರೆ ಕೋಡ್ ಡೇಟಾ ಓದುವುದನ್ನು ಬಿಡುತ್ತದೆ, ಸರಿ. ಮರುಸಾಲಿನಲ್ಲೇ ಆ ಬಫರಿಗೆ ‘ವ್ಯಾಲಿಡ್’ ಎಂಬ ಗುರುತು ಹಾಕಿ, ಕಾಯುತ್ತಿದ್ದ ಪ್ರೊಸೆಸ್ಸನ್ನು ಎಬ್ಬಿಸುತ್ತದೆ! ಬಫರಿನಲ್ಲಿ ಹಿಂದಿನ ಕಸವೇ ಇದೆ. ಫೈಲ್ ಸಿಸ್ಟಂ ಅದನ್ನೇ ನಿಜವೆಂದು ನಂಬುತ್ತದೆ. ಕ್ಯೂಎಮುವಿನ ಅಣಕು ಡಿಸ್ಕು ಸಾಮಾನ್ಯವಾಗಿ ಕೆಡುವುದಿಲ್ಲವಾದ್ದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯ ಬಿಸಿಲು, ಧೂಳು, ಏರಿಳಿಯುವ ವೋಲ್ಟೇಜು ನೋಡಿದ ರಾಯಚೂರಿನ ವಿದ್ಯಾರ್ಥಿಗೆ ಡಿಸ್ಕು ಕೆಡುವುದು ಊಹೆಯ ಮಾತಲ್ಲ.

ನಮ್ಮ ಭಾಗಕ್ಕೆ ಇದು ದೂರದ ವಿಷಯವೂ ಅಲ್ಲ. ದೇವದುರ್ಗಕ್ಕೆ ಬಲದಂಡೆಯಿಂದ ನೀರು ಕೊಡುವ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಗೆ ಸ್ಕಾಡಾ ಬಂದಿದೆ. ಗೇಟುಗಳನ್ನು ದೂರದಿಂದಲೇ ಎತ್ತಿಳಿಸುತ್ತಾರೆ. ಶಕ್ತಿನಗರದ 1720 ಮೆಗಾವ್ಯಾಟ್ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಯೂನಿಟ್ ಟ್ರಿಪ್ ಆದ ಸುದ್ದಿ ಆಗಾಗ ಓದುತ್ತೇವೆ. ಇಂಥ ಕಡೆ ಕೆಲಸ ಮಾಡಬೇಕಾದವರು, ಓದಲಾಗದ ಸೆನ್ಸರಿನ ಹಳೆಯ ಅಂಕಿಯನ್ನು ‘ವ್ಯಾಲಿಡ್’ ಎಂದು ಮುಂದಕ್ಕೆ ದಾಟಿಸುವ ಅಭ್ಯಾಸ ಕಲಿಯಬಾರದು.

ಎಂಐಟಿ 2019ರಿಂದ ರಿಸ್ಕ್-ವಿ ಆವೃತ್ತಿಗೆ ಹೊರಳಿದೆ. ಅಲ್ಲಿ ಪೋರ್ಟ್ ಆಜ್ಞೆಗಳಿಲ್ಲ, ಸಾಧನಗಳೆಲ್ಲ ಮೆಮೊರಿ ವಿಳಾಸಗಳೇ. ಬಳಕೆದಾರನ ಮೆಮೊರಿಯಿಂದ ಪೇಜ್ ಟೇಬಲ್ ನೋಡಿಯೇ ನಕಲು ಮಾಡುವ, ಆಗದಿದ್ದರೆ ಮೈನಸ್ ಒಂದು ಕೊಡುವ ಕಾಪಿಇನ್ ಬಂದಿರುವುದು ದೊಡ್ಡ ಸುಧಾರಣೆ. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್ ಕೂಡ ರಿಸ್ಕ್-ವಿ ಆದ್ದರಿಂದ ಅದನ್ನು ಓದಲೇಬೇಕು. ಆದರೂ ಮೊದಲ ಓದಿಗೆ ನಾನು ಎಕ್ಸ್86ರ ಹಳೆಯದನ್ನೇ ಸೂಚಿಸುತ್ತೇನೆ: ಲ್ಯಾಬಿನಲ್ಲಿ ಕಣ್ಣೆದುರು ಇರುವುದು ಅದೇ ಜಾತಿಯ ಯಂತ್ರ.

ಲ್ಯಾಬಿಗೆ ಒಂದು ಪ್ರಯೋಗ ಸೇರಿಸುವುದಾದರೆ ಇದನ್ನು ಸೇರಿಸಿ: ಐಡಿಇ‌ವೇಟ್‌ಗೆ ಒಂದು ಮಿತಿ ಹಾಕಿ, ಮೀರಿದರೆ ಮೈನಸ್ ಒಂದು ಕೊಡಿ. ಐದು ನಿಮಿಷದ ಕೆಲಸ. ಆಮೇಲೆ ಆ ಮೈನಸ್ ಒಂದನ್ನು ಮೇಲಕ್ಕೆ ಸಾಗಿಸಲು ಹೊರಟಾಗ ಕಷ್ಟ ಗೊತ್ತಾಗುತ್ತದೆ. ಡಿಸ್ಕಿಗೆ ಕೋರಿಕೆ ಸಲ್ಲಿಸುವ ಐಡಿಇಆರ್‌ಡಬ್ಲ್ಯೂ ಏನನ್ನೂ ಹಿಂದಿರುಗಿಸುವುದಿಲ್ಲ. ಅದನ್ನು ಕರೆಯುವ ಬ್ರೆಡ್ ಬಫರನ್ನು ಮಾತ್ರ ಕೊಡುತ್ತದೆ, ದೋಷ ಹೇಳಲು ಅದಕ್ಕೆ ಬಾಯಿಲ್ಲ. ಅದನ್ನು ಸರಿಪಡಿಸಲು ಬ್ರೆಡ್ ಕರೆಯುವ ಪ್ರತಿಯೊಂದು ಫಂಕ್ಷನ್ನನ್ನೂ, ಐನೋಡ್ ಓದುವಲ್ಲಿಂದ ಲಾಗ್ ಬರೆಯುವವರೆಗೆ, ತಿದ್ದಬೇಕಾಗುತ್ತದೆ.